ಮಣ್ಣಲ್ಲಿ ಅಕ್ಷರ ಬಿತ್ತಿದ ಕೊಟ್ರಯ್ಯ ಐಗಳು

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ನಮ್ಮಜ್ಜಿಯ ಅಜ್ಜಿ ಅಂಬೆಗಾಲಿಕ್ಕೋ ಕಾಲಕ್ಕೇ ಇದು ಹಳೇ ಸುದ್ದಿಯಾಗಿತ್ತಂತೆ, ಒಂದು ಊರಿತ್ತು. ಹಾಲ್ಗೆರೆ ಅಂತ ಅದರ ಹೆಸರು. ಕೆರೆ ದೊಡ್ಡದು, ಕೆರೆ ಕೆಳಗೆ ಗದ್ದೆ, ಗದ್ದೆ ತುಂಬ ಭತ್ತ. ಸುತ್ತಲ ಹಳ್ಳಿಯವರೆಲ್ಲ ರಾಗಿ ಬೀಸಿಕೊಂಡು, ನವಣೆ ಕುಟ್ಟಿಕೊಂಡು ಇದ್ದರೆ ಹಾಲ್ಗೆರೆಯವರು ಮಾತ್ರ ಮೂರು ಹೊತ್ತೂ ಬೆಳ್ಳಗಿನ ಅನ್ನ ಉಣ್ಣೋರು. ಏ ಪುಟ್ಟಾ, ಸೊಪ್ಪನ್ನ ತಟ್ಟೆ ಅಂಚಿಗೆ ತಳ್ಳಬೇಡ, ನಾನು ನೋಡ್ತಾನೇ ಇದ್ದೀನಿ. ಈ ಕತೆ ನಿನಗೇ ಹೇಳ್ತಿರೋದು, ಬಾಯಿ ಮುಚ್ಚಿಕೊಂಡು ಕೇಳು. ಮುಚ್ಚಿಕೊಂಡು ಅಂದ್ರೆ ಅಗೀತಾ ಕೇಳು.

ಅನ್ನ ಉಣ್ಣೋರಿಗೆ ಜಂಬ ಜಾಸ್ತಿ. ಸೊಪ್ಪು ಅಂದ್ರೆ ಆ ಊರವರಿಗೆ ದನದ ಮೇವು. ಕಾಲುವೆ ಅಂಚಿಗೆ ಹೊನ್ನಗನ್ನೆ ಹಾಸಿಕೊಂಡು ಬೆಳೀತಿತ್ತು, ಬೇಲಿ ಮೇಲೆ ಬಸಳೆ ಹಬ್ಬಿತ್ತು, ಹಿತ್ತಲಲ್ಲಿ ನುಗ್ಗೆ ಮರ ತೊನೀತಿತ್ತು. ಎಲ್ಲಾ ಕೊಯ್ದು ಕೊಟ್ಟಿಗೆಗೆ ಹಾಕೋರು. ಸೊಪ್ಪು ಬೇಯೋ ವಾಸನೆ ಯಾರ ಮನೆಯಿಂದಾದ್ರೂ ಬಂದ್ರೆ ಆ ಮನೆಗೆ ಹೆಣ್ಣು ಕೊಡ್ತಿರಲಿಲ್ಲವಂತೆ. ಅಕ್ಕಿಯನ್ನೂ ಹಾಗೇ, ತೌಡೆಲ್ಲ ಉದುರಿ ಮಲ್ಲಿಗೆ ಮೊಗ್ಗಿನ ಹಾಗೆ ಆಗೋತನಕ ಕುಟ್ಟೋರು. ಆ ತೌಡೂ ದನಕ್ಕೇ. ಹಾಲ್ಗೆರೆಯ ಎತ್ತುಗಳು ಮೈ ತುಂಬಿಕೊಂಡು ಮಿರಮಿರ ಮಿಂಚ್ತಿದ್ವು. ಹಾಲ್ಗೆರೆಯ ಮಕ್ಕಳು ಕಡ್ಡಿ ಕಡ್ಡಿಯಾಗಿದ್ರು.

ಆ ಊರಲ್ಲಿ ಇನ್ನೊಂದು ಕಟ್ಟುಪಾಡು. ಹೊತ್ತು ಮುಳುಗಿದ ಮೇಲೆ ಯಾರೂ ಹೊಸ್ತಿಲು ದಾಟೋ ಹಾಗಿಲ್ಲ. ಮದುವೆ ಮೆರವಣಿಗೆ ಬಿಸಿಲಲ್ಲೇ ಮುಗೀಬೇಕು, ಪಂಚಾಯ್ತಿ ಬಿಸಿಲಲ್ಲೇ ಎದ್ದು ಹೋಗಬೇಕು, ನೆಂಟರು ಬಿಸಿಲಲ್ಲೇ ಬಂದು ಬಿಸಿಲಲ್ಲೇ ಹೊರಡಬೇಕು. ಯಾಕೆ ಅಂತ ಕೇಳಿದ್ರೆ, ಮರ್ಯಾದಸ್ಥರು ಕತ್ತಲಲ್ಲಿ ಓಡಾಡೋದಿಲ್ಲ ಅನ್ನೋರು. ಊರಗೌಡ ಮೂಡ್ಲಗಿರಿಗೌಡ್ರಂತೂ ಈ ಮರ್ಯಾದೆಗೆ ಹೆಸರಾದೋರು. ದೀಪ ಹಚ್ಚೋ ಹೊತ್ತಿಗೆ ಜಗಲಿ ಮೇಲೆ ಕಂಬಕ್ಕೆ ಒರಗಿ ಕೂತ್ರೆ ಬೆಳಗ್ಗೆವರೆಗೂ ಅಂಗಳಕ್ಕೆ ಕಾಲಿಡ್ತಿರಲಿಲ್ಲವಂತೆ.

ಇಂಥ ಊರಿಗೆ ಕೊಟ್ರಯ್ಯ ಐಗಳು ಬಂದ್ರು. ಆಗ ನಿಮ್ಮ ಹಾಗೆ ಬೆಂಚು, ಬೋರ್ಡು, ಬೆಲ್ಲು ಯಾವುದೂ ಇರಲಿಲ್ಲ. ಗುಡಿ ಜಗಲಿಯಲ್ಲೋ ಮಂಟಪದಲ್ಲೋ ಕೂಲಿಮಠ ನಡೀತಿತ್ತು. ಪಾಠ ಹೇಳೋರನ್ನ ಐಗಳು ಅನ್ನೋರು, ಊರವರು ಅಳೆದುಕೊಟ್ಟ ದವಸವೇ ಅವರ ಕೂಲಿ. ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಲ್ಲಿ ಅಕ್ಷರ ತಿದ್ದೋರು. ಕೊಟ್ರಯ್ಯ ಐಗಳು ಏಳಡಿ ಎತ್ತರ ಇದ್ರು ಅಂತ ಕೆಲವರು ಹೇಳ್ತಾರೆ, ಕುಳ್ಳಗೆ ದುಂಡಗಿದ್ರು ಅಂತ ಕೆಲವರು. ಅವರು ಮಗ್ಗಿ ಹೇಳಿಸಿದ್ರೆ ಕೆರೆಯಾಚೆ ಕೊಕ್ಕರೆ ಎದ್ದು ಹಾರ್ತಿದ್ವು ಅಂತಾರೆ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇತ್ತು ಅನ್ನೋದನ್ನ ಎಲ್ಲರೂ ಒಪ್ತಾರೆ.

ಒಂದು ದಿನ ಮಗ್ಗಿ ತಪ್ಪಿತು ಅಂತ ಐಗಳು ಮಕ್ಕಳನ್ನ ಬಿಡಲಿಲ್ಲ. ಬರೀರಿ, ಇನ್ನೊಂದು ಸಲ ಬರೀರಿ ಅಂತ ಕೂರಿಸಿಕೊಂಡ್ರು. ಹೊತ್ತು ಇಳೀತು, ಮಸುಕಾಯ್ತು. ಐಗಳಿಗೆ ಇನ್ನೂ ಎಲ್ಲ ಚೆನ್ನಾಗಿ ಕಾಣ್ತಿದೆ. ನೋಡ್ತಾರೆ, ಮಕ್ಕಳ ಬೆರಳು ಮರಳು ಬಿಟ್ಟು ಬರೀ ಕಲ್ಲಿನ ಮೇಲೆ ಓಡಾಡ್ತಿವೆ. ಗೌಡ್ರ ಮೊಮ್ಮಗಳು ದ್ಯಾಮಕ್ಕ, ಆ ಮನೆಗೆ ಗಂಡು ಹುಡುಗ ಇಲ್ಲ ಅಂತ ಅವಳನ್ನೇ ಮಠಕ್ಕೆ ಕಳಿಸ್ತಿದ್ರು, ಆ ಮಗು ನಾಲಿಗೆ ಕಚ್ಚಿಕೊಂಡು ಶ್ರದ್ಧೆಯಿಂದ ಪಕ್ಕದ ಹುಡುಗನ ಮಂಡಿ ಮೇಲೆ ಬರೀತಿದೆ. ಐಗಳು ಅವಳ ಮುಖದ ಮುಂದೆ ಕೈ ಆಡಿಸಿದ್ರು. ರೆಪ್ಪೆ ಅಲುಗಲಿಲ್ಲ.

ನಿನಗೆ ನನ್ನ ಕೈ ಕಾಣೋದಿಲ್ಲವೇನೇ ಅಂತ ಕೇಳಿದ್ರಂತೆ.

“ಈ ಹೊತ್ತಲ್ಲಿ ಯಾರಿಗೆ ಕಾಣುತ್ತೆ ಐಗಳೇ? ನಮ್ಮವ್ವಂಗೂ ಕಾಣಲ್ಲ, ತಾತಂಗೂ ಕಾಣಲ್ಲ. ಅದಕ್ಕೇ ಅಲ್ವಾ ಮನೆಗೆ ಹೋಗೋದು” ಅಂತ ದ್ಯಾಮಕ್ಕ ಹೇಳಿದ್ಲಂತೆ.

ಐಗಳು ಅಲ್ಲೇ ನೆಲದ ಮೇಲೆ ಕೂತ್ರು. ಅಷ್ಟು ದೊಡ್ಡ ದನಿಯ ಮನುಷ್ಯ ಅತ್ತರು ಅಂತ ಹೇಳ್ತಾರೆ. ಇಡೀ ಊರಿಗೆ ಇರುಳುಗಣ್ಣು. ಹೊತ್ತು ಮುಳುಗಿದ್ರೆ ಮಕ್ಕಳಿಂದ ಮುದುಕರವರೆಗೆ ಒಬ್ಬರಿಗೂ ಕಣ್ಣು ಕಾಣೋದಿಲ್ಲ. ಹುಟ್ಟಿದಾಗಿಂದ ಹಾಗೇ ಇದ್ದ ಮಕ್ಕಳು, ಲೋಕಕ್ಕೆಲ್ಲ ಹೀಗೇ ಅಂದುಕೊಂಡಿದ್ರು. ಬಲ್ಲ ದೊಡ್ಡವರು ಅದಕ್ಕೆ ಮರ್ಯಾದೆ ಅಂತ ಹೆಸರಿಟ್ಟು ಬಚ್ಚಿಟ್ಟಿದ್ರು. ಹೆಣ್ಣು ಗಂಡು ತರಬೇಕಲ್ಲ, ಹೇಳಿಕೊಳ್ಳೋದು ಹೇಗೆ? ಅಂಥಾ ಜನ.

ಮಾರನೇ ದಿನ ಐಗಳು ಪಂಚಾಯ್ತಿ ಮುಂದೆ ನಿಂತು ಇದ್ದದ್ದನ್ನ ಇದ್ದ ಹಾಗೆ ಆಡಿಬಿಟ್ರು. ಇದು ಮರ್ಯಾದೆ ಅಲ್ಲ, ಇರುಳುಗಣ್ಣು. ಕಣ್ಣಿಗೆ ಬೇಕಾದ್ದನ್ನೆಲ್ಲ ನೀವು ದನಕ್ಕೆ ಹಾಕಿ, ನೀವು ಬೆಳ್ಳಗಿನ ಅನ್ನ ತಿಂತೀರಿ. ನಾನು ಹುಟ್ಟಿದ ಸೀಮೆಯಲ್ಲಿ ಸೊಪ್ಪು ತಿಂದು ಇದನ್ನ ವಾಸಿಮಾಡಿಕೊಂಡೋರನ್ನ ಕಂಡಿದ್ದೀನಿ ಅಂದ್ರಂತೆ. ಅಷ್ಟು ಅಂದದ್ದೇ ತಡ, ಪಂಚಾಯ್ತಿ ಬೆಂಕಿಯಾಯ್ತು. ನಮ್ಮೂರನ್ನ ಕುರುಡರ ಊರು ಅಂತೀಯ ಅಂತ ಒಬ್ಬರು, ನಮ್ಮ ಮಕ್ಕಳಿಗೆ ದನದ ಮೇವು ತಿನ್ನಿಸ್ತೀಯ ಅಂತ ಇನ್ನೊಬ್ಬರು. ಗೌಡ್ರು ಮೀಸೆ ತಿರುವಿಕೊಂಡು, ಮೂಟೆ ಕಟ್ಟು ಅಂದ್ರು.

ಐಗಳಿಗೂ ಸಿಟ್ಟು ಬಂತು. ಮಾರ್ನಮಿ ಬರಲಿ ಅಂದ್ರು. ಮಾರ್ನಮಿಗೆ, ಅಂದ್ರೆ ನವರಾತ್ರಿ ಹಬ್ಬಕ್ಕೆ, ಕೂಲಿಮಠದ ಮಕ್ಕಳು ಮನೆ ಮನೆ ಮುಂದೆ ಪದ ಹೇಳಿಕೊಂಡು ಹೋಗೋದು ಎಲ್ಲಾ ಕಡೆ ಇದ್ದ ಪದ್ಧತಿ, ಹಾಲ್ಗೆರೆಯಲ್ಲಿ ಅದೂ ಮಟಮಟ ಮಧ್ಯಾಹ್ನ. ಐಗಳು ಹೇಳಿದ್ದಿಷ್ಟು, ಈ ಸಲ ಅಮಾವಾಸ್ಯೆ ಕಳೆದ ಪಾಡ್ಯದ ಸಂಜೆ, ಹೊತ್ತು ಮುಳುಗಿದ ಮೇಲೆ, ದೀಪ ಪಂಜು ಇಲ್ಲದೆ ನನ್ನ ಮಕ್ಕಳು ಊರು ಸುತ್ತಿ ಬರ್ತಾರೆ. ಒಂದು ಮಗು ಎಡವಿದ್ರೂ ನಾನು ಆ ರಾತ್ರಿಯೇ ಊರು ಬಿಡ್ತೀನಿ, ಕೂಲಿಮಠದ ಬಾಗಿಲು ಹಾಕಿಕೊಳ್ಳಿ. ಎಡವದೆ ಬಂದ್ರೆ ಮಕ್ಕಳು ಏನು ಕಲೀಬೇಕು ಏನು ಉಣ್ಣಬೇಕು ಅನ್ನೋದನ್ನ ನನಗೆ ಬಿಡಿ. ಹೀಗೆ ಮಾತಾಯ್ತು. ಗೌಡ್ರು ಒಪ್ಪಿದ್ರು, ಯಾಕಂದ್ರೆ ಅದು ಆಗೋ ಮಾತಲ್ಲ ಅಂತ ಅವರಿಗೆ ಗೊತ್ತಿತ್ತು.

ಅದು ಯುಗಾದಿ ಕಳೆದ ಹೊಸತು. ಮಠದ ಹಿಂದೆ ಕಾಲುವೆ ಪಕ್ಕ ಒಂದು ಹಾಳು ಜಾಗವಿತ್ತು. ಐಗಳು ಮಕ್ಕಳನ್ನ ಅಲ್ಲಿಗೆ ಎಬ್ಬಿಸಿಕೊಂಡು ಹೋದ್ರು. ಕಲ್ಲು ಆರಿಸಿದ್ರು, ಗೊಬ್ಬರ ಹೊತ್ತರು, ಮಣ್ಣು ಹದ ಮಾಡಿದ್ರು. ಮರಳು ಸಾಕು, ಇನ್ನು ಮಣ್ಣಲ್ಲಿ ಬರೀರಿ ಅಂದ್ರಂತೆ. ಮಂಡಿಯೂರಿ ಬೆರಳಲ್ಲಿ ಆಳವಾಗಿ ‘ಅ’ ಬರೆಯೋದು, ಆ ಗೆರೆಯುದ್ದಕ್ಕೂ ದಂಟಿನ ಬೀಜ ಉದುರಿಸೋದು, ಮೇಲೆ ತೆಳ್ಳಗೆ ಮಣ್ಣೆಳೆಯೋದು. ಪಕ್ಕದಲ್ಲಿ ‘ಆ’, ಅದಕ್ಕೆ ಮೆಂತ್ಯ. ಅದರ ಪಕ್ಕ ‘ಇ’, ಅದಕ್ಕೆ ಸಬ್ಬಸಿಗೆ. ನೀರು ಕಟ್ಟಿ, ಕಾದು, ಒಂದು ಬೆಳಗ್ಗೆ ಬಂದು ನೋಡಿದ್ರೆ ಮಕ್ಕಳು ಬರೆದ ಅಕ್ಷರ ಹಸಿರಾಗಿ ಎದ್ದು ನಿಂತಿದೆ. ಸೊಟ್ಟ ಬರೆದವರ ಸೊಟ್ಟ ಅಕ್ಷರವೂ ಹಾಗೇ ಎದ್ದು ನಿಂತಿದೆ, ಹಾದಿಯಲ್ಲಿ ಹೋಗೋರೆಲ್ಲ ನೋಡೋ ಹಾಗೆ. ಕುಂಬಾರರ ಹುಡುಗನೊಬ್ಬ ‘ಉ’ ಬದಲು ‘ಲ’ ಬಿತ್ತಿಬಿಟ್ಟು, ಕೊಯ್ಲಾಗೋತನಕ ಆ ಕಡೆ ತಲೆ ಹಾಕಲಿಲ್ಲವಂತೆ.

ಐಗಳ ಕಟ್ಟಳೆ ಒಂದೇ. ಕಲಿತ ಅಕ್ಷರವನ್ನ ಕೊಯ್ದು, ಬೇಯಿಸಿ, ತಿನ್ನಬೇಕು. ತಿಂದ ಮೇಲೇ ಮುಂದಿನ ಅಕ್ಷರ.

ತೋಟದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದ್ರು. ಕೂಲಿ ದವಸ ಕೊಡುವಾಗ, ನನಗೆ ಅಕ್ಕಿ ಬೇಡ, ರಾಗಿ ಕೊಡಿ, ಹುರುಳಿ ಕೊಡಿ, ಅವರೆ ಕೊಡಿ ಅಂತ ಕೇಳಿದ್ರು. ಊರವರು ನಕ್ಕು, ಪಕ್ಕದೂರಿಂದ ತರಿಸಿ ಅಳೆದುಕೊಟ್ರು. ಸೊಪ್ಪು ಬೇಯಿಸಿ ಬಸಿದು ಸಾರು ಮಾಡೋದು, ಮಿಕ್ಕ ಸೊಪ್ಪಿಗೆ ಕಾಳು ಸೇರಿಸಿ ಪಲ್ಯ ಮಾಡೋದು, ಮುದ್ದೆ ಕಟ್ಟೋದು, ಎಲ್ಲಾ ಮಕ್ಕಳ ಕೈಲೇ ಮಾಡಿಸಿದ್ರು. ಒಗ್ಗರಣೆಗೆ ಹುಚ್ಚೆಳ್ಳೆಣ್ಣೆ ಬೀಳಲೇಬೇಕು, ಎಣ್ಣೆ ಇಲ್ಲದಿದ್ರೆ ಸೊಪ್ಪಿನ ಸತ್ವಕ್ಕೆ ಕಣ್ಣಿನ ದಾರಿ ಗೊತ್ತಾಗೋದಿಲ್ಲ ಅನ್ನೋರಂತೆ. ಮೊದಲ ದಿನ ಮಕ್ಕಳು ಮೂಗು ಮುಚ್ಚಿಕೊಂಡು ನುಂಗಿದ್ರು. ದ್ಯಾಮಕ್ಕ ಬಾಯೊಳಗೆ ಇಟ್ಟುಕೊಂಡು ಕಾಲುವೆಗೆ ಉಗಿದು ಬಂದಳು. ಆದರೆ ತಾನೇ ಬಿತ್ತಿ, ತಾನೇ ನೀರು ಹಾಕಿ, ತಾನೇ ಹುಳ ಆರಿಸಿ ಬೆಳೆಸಿದ್ದನ್ನ ಎಷ್ಟು ದಿನ ಅಂತ ಉಗೀತೀರಿ? ಕೊನೆಗೆ ನನ್ನ ‘ಅ’ ಹೆಚ್ಚು ರುಚಿ, ನಿನ್ನ ‘ಆ’ ಕಹಿ ಅಂತ ಜಗಳ ಶುರುವಾಯ್ತು.

ಆ ತೋಟದ್ದು ಏನೇನೋ ಹೇಳ್ತಾರೆ. ಬೇಲಿ ಮೇಲೆ ಬಿಟ್ಟ ಸಿಹಿಗುಂಬಳದ ಹೋಳಿನೊಳಗೆ ಕೂತು ಮಳೆ ತಪ್ಪಿಸಿಕೊಂಡ್ರು ಅಂತಾರೆ. ನಮ್ಮಜ್ಜಿ ಹೇಳುವಾಗ ಒಬ್ಬ ಹುಡುಗ ಕೂತಿದ್ದ. ನಮ್ಮವ್ವ ಹೇಳುವಾಗ ಮೂರು ಜನ ಆದ್ರು. ನಾನು ಐದು ಅಂತೀನಿ, ಯಾರು ಕೇಳೋರು.

ಮಳೆಗಾಲ ಬಂತು, ತೋಟ ಸೊಂಪಾಯ್ತು. ಮಕ್ಕಳ ಕೆನ್ನೆ ತುಂಬ್ತಾ ಬಂತು. ಊರವರಿಗೆ ಅದು ಕಂಡಿತು, ಕಂಡದ್ದೇ ತಪ್ಪಾಯ್ತು. ಐಗಳ ಮಾತು ನಿಜವಾಗಿಬಿಟ್ರೆ ಅಪ್ಪ ತಾತಂದಿರ ಮರ್ಯಾದೆ ಗತಿಯೇನು ಅಂತ ಗೌಡ್ರಿಗೆ ನಿದ್ದೆ ಹತ್ತಲಿಲ್ಲ. ಮಕ್ಕಳು ಇನ್ನೂ ಮಠಕ್ಕೆ ಬಾರದ ಒಂದು ಬೆಳಗ್ಗೆ ಆಳುಗಳಿಗೆ ಹೇಳಿ ಊರ ದನವನ್ನೆಲ್ಲ ತೋಟಕ್ಕೆ ಬಿಡಿಸಿದ್ರು. ಮಕ್ಕಳು ಬರೋ ಹೊತ್ತಿಗೆ ಅಕ್ಷರಮಾಲೆ ಪೂರ್ತಿ ಎತ್ತುಗಳ ಹೊಟ್ಟೆಯಲ್ಲಿತ್ತು. ‘ಅ’ ಇಲ್ಲ, ‘ಆ’ ಇಲ್ಲ, ಬರೀ ಗೊರಸಿನ ಗುರುತು. ಮಕ್ಕಳು ಆ ಕೆಸರಲ್ಲೇ ಕೂತು ಗೋಳೋ ಅಂತ ಅತ್ತವು. ನನಗೆ ಈಗಲೂ ಇದನ್ನ ಹೇಳುವಾಗ ಹೊಟ್ಟೆ ಉರಿಯುತ್ತೆ. ದೊಡ್ಡ ಮನುಷ್ಯರಂತೆ, ಮಕ್ಕಳ ಪಾಠಕ್ಕೆ ದನ ನುಗ್ಗಿಸೋ ದೊಡ್ಡ ಮನುಷ್ಯರು.

ಐಗಳು ಗೌಡ್ರ ಮನೆ ಮುಂದೆ ಹೋಗಿ ಕೂಗಾಡ್ತಾರೆ ಅಂತ ಊರೆಲ್ಲ ಕಾದಿತ್ತು. ಐಗಳು ಹೋಗಲಿಲ್ಲ. ಮಕ್ಕಳ ಕಣ್ಣು ಒರೆಸಿ, ಮಿಕ್ಕಿದ್ದ ಬೀಜ, ದನ ತುಳಿದು ಬಿಟ್ಟ ಹೊನ್ನಗನ್ನೆಯ ಕಡ್ಡಿ, ಮುರಿದ ಬಸಳೆ ಬಳ್ಳಿ, ನುಗ್ಗೆಯ ರೆಂಬೆ ಎಲ್ಲಾ ಕೂಡಿಸಿ ಒಬ್ಬೊಬ್ಬರ ಕೈಗೆ ಒಂದೊಂದು ಹಿಡಿ ಹಾಕಿದ್ರು. ನಿಮ್ಮ ನಿಮ್ಮ ಮನೆ ಹಿತ್ತಲಲ್ಲಿ ಬಚ್ಚಲ ನೀರು ಹರಿಯೋ ಕಡೆ ಬಿತ್ತಿಕೊಳ್ಳಿ, ಅಲ್ಲೇ ಬರೀರಿ, ಅಲ್ಲಿಗೆ ಯಾರೂ ದನ ನುಗ್ಗಿಸೋದಿಲ್ಲ ಅಂದ್ರಂತೆ. ಅಲ್ಲಿಯವರೆಗೆ ಊರಿಗೆ ಒಂದು ತೋಟವಿತ್ತು, ಅವತ್ತಿಂದ ಮನೆಗೊಂದು ತೋಟವಾಯ್ತು. ಗೌಡ್ರು ಎಂಥಾ ಉಪಕಾರ ಮಾಡಿದ್ರು ಅಂತ ಗೌಡ್ರಿಗೇ ಗೊತ್ತಾಗಲಿಲ್ಲ.

ಹಿತ್ತಲು ಅಂದ್ರೆ ಹೆಂಗಸರ ರಾಜ್ಯ, ಗಂಡಸರು ಅಲ್ಲಿ ತಲೆ ಹಾಕೋದು ಕಡಿಮೆ. ದ್ಯಾಮಕ್ಕ ಬಚ್ಚಲ ಹಿಂದೆ ಬರೆದದ್ದನ್ನ ಅವಳ ತಾಯಿ ಕೆಂಚಮ್ಮ ನೋಡಿದಳು. ಮಾವ ನೋಡಿದ್ರೆ ಕಿತ್ತು ಬಿಸಾಕ್ತಾರೆ ಅಂತ ಭಯ. ಆದರೂ ಮಗಳ ಮೈ ಕೈ ತುಂಬಿದ್ದು ಕಣ್ಣ ಮುಂದೆ ಇದೆಯಲ್ಲ. ವಾಸನೆ ಬಾರದಿರಲಿ ಅಂತ ಒಲೆಗೆ ಒಂದಿಷ್ಟು ಸಾಂಬ್ರಾಣಿ ಹಾಕಿ, ಹೊಗೆ ಎಬ್ಬಿಸಿ, ಆ ಹೊಗೆಯ ಮರೆಯಲ್ಲಿ ಸೊಪ್ಪು ಬೇಯಿಸಿ ಮಗಳಿಗೆ ಬಡಿಸಿದಳಂತೆ. ಒಬ್ಬಳು ಮಾಡಿದ್ದು ಬಾವಿಕಟ್ಟೆಯಲ್ಲಿ ಇನ್ನೊಬ್ಬಳಿಗೆ ತಿಳೀತು. ಆ ವರ್ಷ ಹಾಲ್ಗೆರೆಯಲ್ಲಿ ಮನೆ ಮನೆಯಲ್ಲೂ ಸಾಂಬ್ರಾಣಿ ಹೊಗೆ. ನಮ್ಮೂರ ಹೆಂಗಸರಿಗೆ ಏನು ಭಕ್ತಿ ಬಂತಪ್ಪಾ ಅಂತ ಗಂಡಸರು ಜಗಲಿ ಮೇಲೆ ಕೂತು ಹೆಮ್ಮೆಪಟ್ಟುಕೊಂಡ್ರು.

ಮಾರ್ನಮಿ ಅಮಾವಾಸ್ಯೆ ಕಳೀತು, ಪಾಡ್ಯದ ಸಂಜೆ ಬಂತು. ಮಕ್ಕಳು ಎಡವ್ತಾರಾ ಇಲ್ಲವಾ ಅಂತ ತೀರ್ಪು ಕೊಡೋದಕ್ಕೆ ಗೌಡ್ರು, ಊರ ಹಿರಿಯರು ಎಲ್ಲ ಚಾವಡಿಗೆ ಬಂದು ಸಾಲಾಗಿ ಕೂತ್ರು. ಮಕ್ಕಳಿಗೆ ನೆರವಾಗುತ್ತೆ ಅಂತ ಊರಲ್ಲಿ ಒಂದು ದೀಪವನ್ನೂ ಹಚ್ಚಕೂಡದು ಅಂತ ಗೌಡ್ರದೇ ಅಪ್ಪಣೆ. ಹೊತ್ತು ಮುಳುಗಿತು. ಹಿರಿಯರಿಗೆ ಲೋಕವೆಲ್ಲ ಮುಚ್ಚಿಹೋಯ್ತು. ಆದರೆ ಹೇಳೋರು ಯಾರು? ಮಕ್ಕಳು ಕಾಣ್ತಿದ್ದಾರಾ ಅಂತ ಒಬ್ಬರು ಕೇಳಿದ್ರೆ, ಓಹೋ, ಚೆನ್ನಾಗಿ ಕಾಣ್ತಿದ್ದಾರೆ ಅಂತ ಪಕ್ಕದವರು ಕಂಬದ ಕಡೆ ನೋಡಿಕೊಂಡು ಹೇಳಿದ್ರಂತೆ. ತೀರ್ಪು ಹೇಳೋಕೆ ಕೂತ ಅಷ್ಟೂ ಜನಕ್ಕೆ ಕಣ್ಣು ಕಾಣದು. ನಗಬೇಡಿ, ಅವರ ಕಷ್ಟ ಅವರಿಗೆ.

ಐಗಳು ಮಠದ ಬಾಗಿಲಲ್ಲಿ ಮೂಟೆ ಕಟ್ಟಿಟ್ಟುಕೊಂಡೇ ಕೂತಿದ್ರು. ಜೊತೆಗೆ ಹೋಗೋ ಹಾಗಿರಲಿಲ್ಲ. ದ್ಯಾಮಕ್ಕ ಮುಂದೆ, ಉಳಿದ ಮಕ್ಕಳು ಹಿಂದೆ, ಪದ ಹೇಳ್ತಾ ಹೊರಟ್ರು. ಚಾವಡಿಯಲ್ಲಿ ಕೂತೋರಿಗೆ ಬರೀ ದನಿ ಕೇಳ್ತಿದೆ. ದನಿ ಕುಂಬಾರಗೇರಿಗೆ ಹೋಯ್ತು, ಅಲ್ಲಿ ಗುಂಡಿ ಗೊಟರು ತುಂಬಿವೆ, ಪದ ನಿಲ್ಲಲಿಲ್ಲ. ಕಣದ ಕಡೆ ಹೋಯ್ತು, ಅಲ್ಲಿ ಗೂಟ ಹಗ್ಗ ಚೆಲ್ಲಿವೆ, ಪದ ನಿಲ್ಲಲಿಲ್ಲ. ಬಾವಿ ಸುತ್ತಿ ಹೋಯ್ತು, ಆ ಬಾವಿಗೆ ಕಟ್ಟೆ ಸಣ್ಣದು, ಕೆಂಚಮ್ಮ ಬಾಗಿಲಲ್ಲಿ ಎದೆ ಹಿಡ್ಕೊಂಡು ನಿಂತಳು, ಪದ ನಿಲ್ಲಲಿಲ್ಲ. ಆಮೇಲೆ ಕೆರೆ ಏರಿ ಹತ್ತಿತು. ಏರಿ ಮೇಲೆ ಹೋಗಿ, ಪದ ನಿಂತುಬಿಡ್ತು.

ಒಂದು ದನಿಯೂ ಇಲ್ಲ. ಈ ಕಡೆ ಊರು ಉಸಿರು ಹಿಡಿದಿದೆ, ಆ ಕಡೆ ತುಂಬಿದ ಕೆರೆ.

ಮೂಡ್ಲಗಿರಿಗೌಡ್ರಿಗೆ ಪಂಚಾಯ್ತಿ ಮರೆತುಹೋಯ್ತು, ಪಂತ ಮರೆತುಹೋಯ್ತು. ದ್ಯಾಮೀ ಅಂತ ಕೂಗಿಕೊಂಡು ಚಾವಡಿಯಿಂದ ಇಳಿದು ಓಡಿದ್ರು. ಎಲ್ಲಿಗೆ ಓಡ್ತಾರೆ, ಕಣ್ಣು ಕಂಡ್ರೆ ತಾನೆ? ಕಲ್ಲಿಗೆ ತಾಕಿದ್ರು, ಬಿದ್ದರು, ಎದ್ದರು, ಕೂಗ್ತಾ ಏರಿ ಕಡೆ ಹೋದ್ರು. ದಾರಿ ತಪ್ಪಿ ತೂಬಿನ ಕಡೆಗೆ, ನೀರಿನ ಕಡೆಗೇ ಕಾಲು ಹಾಕಿದ್ರು. ಇನ್ನೊಂದು ಹೆಜ್ಜೆ ಇಟ್ಟಿದ್ರೆ ಕೆರೆ ಪಾಲು. ಆಗ ಒಂದು ಪುಟ್ಟ ಕೈ ಬಂದು ಅವರ ಕೈ ಹಿಡೀತು.

“ಹಂಗಲ್ಲ ತಾತ, ಅತ್ಲಾಗೆ ನೀರೈತೆ. ಇತ್ಲಾಗೆ ಬಾ. ಇಲ್ಲಿ ಮೆಟ್ಲೈತೆ, ಕಾಲೆತ್ತಿಡು.”

ಗೌಡ್ರು ಅವಳ ತಲೆ ಮುಟ್ಟಿದ್ರು, ಭುಜ ಮುಟ್ಟಿದ್ರು. ಯಾಕಮ್ಮಾ ಪದ ನಿಲ್ಲಿಸಿದ್ರಿ, ಯಾರಿಗೇನಾಯ್ತು ಅಂತ ಕೇಳಿದ್ರಂತೆ.

“ಯಾರಿಗೂ ಏನೂ ಆಗಿಲ್ಲ ತಾತ. ಮೇಲೆ ನೋಡ್ತಾ ನಿಂತ್ಬಿಟ್ವಿ. ಯಾರೋ ಆಕಾಸದ ತುಂಬ ಅಕ್ಕಿ ಚೆಲ್ಲವ್ರೆ. ಏನು ತಾತ ಅವು?”

ಹುಟ್ಟಿದಾಗಿಂದ ನಕ್ಷತ್ರ ನೋಡದ ಮಕ್ಕಳು ಕಣ್ರೋ. ಏರಿ ಹತ್ತಿ ತಲೆ ಎತ್ತಿದ್ದೇ ಪದ ಬಾಯಲ್ಲೇ ಉಳಿದುಹೋಗಿದೆ. ಗೌಡ್ರು ಮೊಮ್ಮಗಳ ಕೈ ಹಿಡಿದುಕೊಂಡು, ಕಾಣದ ಆಕಾಶಕ್ಕೆ ಮುಖ ಎತ್ತಿ, ಅವಕ್ಕೆ ಚುಕ್ಕಿ ಅಂತಾರಮ್ಮಾ, ನಾನು ನಿನ್ನಷ್ಟಿದ್ದಾಗ ಅಜ್ಜಿ ಮನೆಯಲ್ಲಿ ಕಂಡಿದ್ದೆ ಅಂದ್ರಂತೆ. ಆ ಗಡಸು ಮನುಷ್ಯ ಮಗುವಿನ ಹಾಗೆ ಅತ್ತರಂತೆ. ಅಳಬೇಕಾದ್ದೇ.

ಆ ಸಂಜೆ ಚಾವಡಿಯ ಹಿರಿಯರನ್ನೆಲ್ಲ ಮಕ್ಕಳೇ ಕೈ ಹಿಡಿದು ಮನೆ ಮುಟ್ಟಿಸಿದ್ರು. ಒಬ್ಬರೂ ಮರ್ಯಾದೆ ಮಾತಾಡಲಿಲ್ಲ. ಗೌಡ್ರು ಮಾತ್ರ ಮನೆಗೆ ಹೋಗದೆ, ದ್ಯಾಮಕ್ಕನ ಕೈ ಹಿಡಿದು ಕೂಲಿಮಠಕ್ಕೆ ಹೋದ್ರು. ಐಗಳ ಮೂಟೆ ಕಾಲಿಗೆ ತಗುಲಿತು. ಅದನ್ನ ತಾವೇ ಬಿಚ್ಚಿದ್ರು. ತಪ್ಪಾಯ್ತು, ಮಠದ ಹಿಂದಿನ ತೋಟ ಮತ್ತೆ ಮಾಡೋಣ, ನಾಳೆಯಿಂದ ಅಲ್ಲಿ ಬಿತ್ತೋದಕ್ಕೆ ನನಗೂ ಒಂದು ಮಡಿ ಕೊಡಿ ಐಗಳೇ ಅಂದ್ರು. ಮಾರನೇ ಬೆಳಗ್ಗೆ ಮೀಸೆಯ ಗೌಡ್ರು ಪಂಚೆ ಎತ್ತಿ ಕಟ್ಟಿ, ಪುಟ್ಟ ಮಕ್ಕಳ ಸಾಲಲ್ಲಿ ಮಂಡಿಯೂರಿ ಮಣ್ಣಲ್ಲಿ ‘ಅ’ ಬರೆದ್ರು. ಅವರದು ಎಲ್ಲರಿಗಿಂತ ಸೊಟ್ಟ ಅಂತ ದ್ಯಾಮಕ್ಕ ಊರೆಲ್ಲ ಹೇಳಿಕೊಂಡು ಬಂದಳು. ಕೆಂಚಮ್ಮ ಸಾಂಬ್ರಾಣಿ ಇಲ್ಲದೆ, ಕಿಟಕಿ ಬಾಗಿಲು ತೆಗೆದಿಟ್ಟು, ಹೊನ್ನಗನ್ನೆ ಪಲ್ಯಕ್ಕೆ ಒಗ್ಗರಣೆ ಹಾಕಿದಳು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಗೌಡ್ರು ಸಂಜೆ ಜಗಲಿ ಮೇಲೆ ಕೂತೋರು ಇದ್ದಕ್ಕಿದ್ದ ಹಾಗೆ ಎದ್ದು ಅಂಗಳಕ್ಕೆ ಇಳಿದು, ತಲೆ ಮೇಲೆತ್ತಿ, ಮನೆಯವರನ್ನೆಲ್ಲ ಕರೆದ್ರಂತೆ.

ಆಮೇಲೆ ಕೊಟ್ರಯ್ಯ ಐಗಳು ಎಷ್ಟು ವರ್ಷ ಬದುಕಿದ್ರೋ, ಎಷ್ಟು ಊರಿಗೆ ಬೀಜ ಕೊಟ್ರೋ ಗೊತ್ತಿಲ್ಲ. ನೂರಾರು ವರ್ಷ ಇದ್ರು ಅಂತಾರೆ, ಇದ್ದರೂ ಇದ್ದಿರಬಹುದು, ಅಷ್ಟು ಸೊಪ್ಪು ತಿಂದ ಮನುಷ್ಯ. ಅವರಿಗೆ ಗುಡಿ ಕಟ್ಟಲಿಲ್ಲ, ಕಲ್ಲು ನೆಡಲಿಲ್ಲ. ಆದರೆ ಈಗಲೂ ಆ ಊರಿನ ಸ್ಕೂಲಿನ ಹಿಂದೆ ಕಾಲುವೆ ಪಕ್ಕ ತೋಟವಿದೆ. ಹೊಸ ಮಗು ಸೇರಿದ್ರೆ ಸ್ಲೇಟು ಆಮೇಲೆ, ಮೊದಲು ಮಣ್ಣು. ಬರೆದು, ಬಿತ್ತಿ, ಬೆಳೆದು, ಆ ಅಕ್ಷರವನ್ನ ಮನೆಯವರೆಲ್ಲ ಕೂತು ಉಣ್ಣಬೇಕು.

ಮಾರ್ನಮಿ ಪಾಡ್ಯದ ಸಂಜೆ ಊರಿನ ಲೈಟೆಲ್ಲ ಆರಿಸ್ತಾರೆ. ದೊಡ್ಡವರು, ಮೇಷ್ಟ್ರು, ಮೇಡಂ, ಪಂಚಾಯ್ತಿ ಅಧ್ಯಕ್ಷರು ಎಲ್ಲ ಚಾವಡಿಯಲ್ಲಿ ಸಾಲಾಗಿ ಕೂತು ಕಣ್ಣು ಮುಚ್ಚಿಕೊಳ್ತಾರೆ. ಮಕ್ಕಳು ಪದ ಹೇಳ್ತಾ ಊರು ಸುತ್ತಿ ಬಂದು, ಒಬ್ಬೊಬ್ಬರ ಕೈ ಹಿಡಿದು ಕೆರೆ ಏರಿ ಹತ್ತಿಸ್ತಾರೆ. ಇಲ್ಲಿ ಕಲ್ಲಿದೆ, ಇಲ್ಲಿ ಮೆಟ್ಟಿಲಿದೆ, ಕಾಲೆತ್ತಿಡಿ ಅಂತ ಹೇಳಿಕೊಂಡು ಹೋಗ್ತಾರೆ. ಏರಿ ಮೇಲೆ ನಿಲ್ಲಿಸಿ, ಈಗ ಬಿಡಿ ಅನ್ನೋತನಕ ಯಾರೂ ಕಣ್ಣು ಬಿಡೋ ಹಾಗಿಲ್ಲ. ಎಷ್ಟೇ ದೊಡ್ಡ ಮನುಷ್ಯರಾಗಲಿ, ಮೊದಲೇ ಬಿಟ್ರೆ ಮಕ್ಕಳು ಬಯ್ತಾರೆ.